ಪಟ್ಟಿಯಲ್ಲಿ ಓಹಾಯೊ ಸ್ಟೇಟ್, ಮೈದಾನದಲ್ಲಿ ಮಿಶಿಗನ್: ರಿಸೀವರ್ ಬಳಗಗಳನ್ನು ಹೋಲಿಸುವುದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ನಾವು ದಾವಣಗೆರೆ ಕಡೆಯವರು, ಈಗ ಡೆಟ್ರಾಯ್ಟ್ ಹತ್ತಿರದ ಟ್ರಾಯ್‌ನಲ್ಲಿದ್ದೇವೆ. ಮಗಳು ಆನ್ ಆರ್ಬರ್‌ನ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ, ಅಕ್ಕನ ಮಗ ಕೊಲಂಬಸ್‌ನ ಓಹಾಯೊ ಸ್ಟೇಟ್‌ನಲ್ಲಿ. ಇವರಿಬ್ಬರ ದೆಸೆಯಿಂದ ಮನೆಮಂದಿಗೆಲ್ಲ ಅಮೆರಿಕನ್ ಕಾಲೇಜು ಫುಟ್‌ಬಾಲ್ ಹುಚ್ಚು ಹಿಡಿದಿದೆ. ಪ್ರತಿ ಆಗಸ್ಟ್‌ನಲ್ಲಿ ಯಾವ ತಂಡದ ರಿಸೀವರ್‌ಗಳು, ಅಂದರೆ ಎಸೆದ ಚೆಂಡು ಹಿಡಿದು ಓಡುವವರು, ಮೇಲು ಎಂದು ಪಟ್ಟಿಗಳು ಬರುತ್ತವೆ. ಓಹಾಯೊ ಸ್ಟೇಟ್ ಯಾವಾಗಲೂ ಮೇಲೆ, ಮಿಶಿಗನ್ ಎಲ್ಲೋ ಕೆಳಗೆ. ಆದರೆ ಇವೆರಡರ ನಡುವಿನ ವಾರ್ಷಿಕ ಪಂದ್ಯದಲ್ಲಿ 2021ರಿಂದ 2024ರವರೆಗೆ ಸತತ ನಾಲ್ಕು ಸಲ ಗೆದ್ದದ್ದು ಮಿಶಿಗನ್. ಪಟ್ಟಿ ಮಾಡುವವರಿಗೆ ಆಟ ಗೊತ್ತಿಲ್ಲವೋ, ನನಗೆ ಪಟ್ಟಿ ಓದಲು ಬರುವುದಿಲ್ಲವೋ? ಈ ಸಲ ಸೀಸನ್ ಶುರುವಾಗುವ ಮುಂಚೆ ನಾವು ನಾಲ್ಕಾರು ಮನೆಯವರು ಸೇರಿ ಇವೆರಡೂ ಇರುವ ಬಿಗ್ ಟೆನ್ ಒಕ್ಕೂಟದ ತಂಡಗಳ ರಿಸೀವರ್ ಬಳಗಗಳಿಗೆ ಸ್ಥಾನ ಕೊಡುವ ಪಂದ್ಯ ಕಟ್ಟಿದ್ದೇವೆ, ದುಡ್ಡಿಲ್ಲದೆ. ಯಾವುದನ್ನು ನೋಡಿ ಅಳೆಯಬೇಕು? ಇನ್ನೊಂದು ಚಿಂತೆ: ಅಕ್ಕನ ಮಗನಿಗೆ ಹತ್ತೊಂಬತ್ತು ವರ್ಷ. ಇದೇ ಲೆಕ್ಕ ಇಟ್ಟುಕೊಂಡು ಆ್ಯಪ್‌ನಲ್ಲಿ ಬೆಟ್ ಕಟ್ಟುತ್ತೇನೆ ಎನ್ನುತ್ತಿದ್ದಾನೆ. ಏನು ಹೇಳಲಿ?

ಉತ್ತರ: ಪಟ್ಟಿ ಮಾಡುವವರಿಗೆ ಆಟ ಗೊತ್ತು, ನಿಮಗೂ ಪಟ್ಟಿ ಓದಲು ಬರುತ್ತದೆ. ತೊಡಕಿರುವುದು ಬೇರೆ ಕಡೆ. ಆ ಪಟ್ಟಿಗಳು ಉತ್ತರಿಸುವುದು ‘ಯಾವ ತಂಡದ ಹುಡುಗರು ಹೆಚ್ಚು ಪ್ರತಿಭಾವಂತರು’ ಎಂಬ ಪ್ರಶ್ನೆಗೆ. ಅದಕ್ಕೆ ಬಹುಪಾಲು ಸರಿಯಾದ ಉತ್ತರವನ್ನೇ ಕೊಡುತ್ತವೆ. ‘ನವೆಂಬರ್ ಕೊನೆಯ ಶನಿವಾರ ಯಾರು ಗೆಲ್ಲುತ್ತಾರೆ’ ಎನ್ನುವುದು ಅವು ಕೇಳಿಕೊಂಡ ಪ್ರಶ್ನೆಯೇ ಅಲ್ಲ.

2021ರ ನವೆಂಬರ್ 27ರ ಪಂದ್ಯವನ್ನೇ ತೆಗೆದುಕೊಳ್ಳಿ. ಆನ್ ಆರ್ಬರ್‌ನಲ್ಲಿ ಮಿಶಿಗನ್ 42-27ರಿಂದ ಗೆದ್ದಿತು. ಆ ದಿನ ಓಹಾಯೊ ಸ್ಟೇಟ್ ಪರ ಗ್ಯಾರೆಟ್ ವಿಲ್ಸನ್, ಕ್ರಿಸ್ ಒಲಾವೆ, ಜಾಕ್ಸನ್ ಸ್ಮಿತ್-ಎನ್‌ಜಿಗ್ಬಾ ಮೂವರೂ ಆಡಿದ್ದರು. ಮುಂದೆ ಮೂವರೂ ಎನ್‌ಎಫ್‌ಎಲ್ ಡ್ರಾಫ್ಟ್‌ನ, ಅಂದರೆ ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸುವ ಪ್ರಕ್ರಿಯೆಯ, ಮೊದಲ ಸುತ್ತಿನಲ್ಲೇ ಹೋದರು: 2022ರಲ್ಲಿ ವಿಲ್ಸನ್ 10ನೆಯವರಾಗಿ, ಒಲಾವೆ 11ನೆಯವರಾಗಿ, 2023ರಲ್ಲಿ ಸ್ಮಿತ್-ಎನ್‌ಜಿಗ್ಬಾ 20ನೆಯವರಾಗಿ. ಆ ಪಂದ್ಯದಲ್ಲಿ ಅವರೇನು ಎಡವಲಿಲ್ಲ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಸಿ.ಜೆ. ಸ್ಟ್ರೌಡ್ 394 ಯಾರ್ಡ್ ಎಸೆದರು, ಹೆಚ್ಚಿನದು ಈ ಮೂವರ ಕೈಗೇ ಹೋಯಿತು. ಆದರೆ ಆ ಕಡೆ ಮಿಶಿಗನ್ ಚೆಂಡನ್ನು ಹೊತ್ತು ಓಡಿಯೇ 297 ಯಾರ್ಡ್ ಕಿತ್ತಿತು. ಹಸನ್ ಹ್ಯಾಸ್ಕಿನ್ಸ್ ಒಬ್ಬರೇ ಐದು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್‌ಗೆರೆ ದಾಟಿಸುವುದು) ಹೊಡೆದರು. ಐಡನ್ ಹಚಿನ್ಸನ್ ಮೂರು ಸಲ ಸ್ಟ್ರೌಡ್‌ರನ್ನು ಚೆಂಡು ಕೈಯಲ್ಲಿರುವಾಗಲೇ ಕೆಡವಿದರು. ರಿಸೀವರ್‌ಗಳ ಪಟ್ಟಿ ಸರಿಯಾಗಿತ್ತು, ಪಂದ್ಯ ಸೋತದ್ದು ದಾಳಿ, ರಕ್ಷಣೆ ಎರಡೂ ಕಡೆಯ ಲೈನ್‌ನಲ್ಲಿ, ಅಂದರೆ ಚೆಂಡಿನ ಎದುರುಬದುರು ನಿಂತು ಸೆಣಸುವ ಮುಂದಿನ ಸಾಲಿನಲ್ಲಿ.

2024ರ ನವೆಂಬರ್ 30ರಂದು ಇದೇ ಇನ್ನಷ್ಟು ಸ್ಪಷ್ಟವಾಗಿ ಕಂಡಿತು. ಜೆರೆಮಾಯಾ ಸ್ಮಿತ್, ಎಮೆಕಾ ಎಗ್ಬುಕಾ, ಕಾರ್ನೆಲ್ ಟೇಟ್ ಇದ್ದ ಬಳಗ ಕೊಲಂಬಸ್‌ನಲ್ಲಿ ತನ್ನ ಜನರ ಮುಂದೆಯೇ 13-10ಕ್ಕೆ ಸೋತಿತು. ಮಿಶಿಗನ್ ಆ ದಿನ ಎಸೆದು ಗಳಿಸಿದ್ದು ಒಟ್ಟು 62 ಯಾರ್ಡ್ ಮಾತ್ರ. ಓಹಾಯೊ ಸ್ಟೇಟ್‌ನ ಲೈನ್‌ನಲ್ಲಿ ಎಡ ಟ್ಯಾಕಲ್ ಜಾಶ್ ಸಿಮನ್ಸ್, ಸೆಂಟರ್ ಸೆತ್ ಮೆಕ್‌ಲಾಫ್ಲಿನ್ ಇಬ್ಬರೂ ಗಾಯಗೊಂಡು ಹೊರಗಿದ್ದರು. ಎದುರಿಗೆ ಮೇಸನ್ ಗ್ರಹಾಂ, ಕೆನೆತ್ ಗ್ರಾಂಟ್ ಎಂಬ ಎರಡು ಗೋಡೆಗಳಿದ್ದವು. ಆದರೂ ಓಹಾಯೊ ಸ್ಟೇಟ್ ಮತ್ತೆ ಮತ್ತೆ ನಡುಮಧ್ಯಕ್ಕೇ ಓಡಿತು. ಅದೇ ರಿಸೀವರ್‌ಗಳು ಒಂದು ತಿಂಗಳ ನಂತರ ರಾಷ್ಟ್ರೀಯ ಪ್ಲೇಆಫ್‌ನ ರೋಸ್ ಬೌಲ್ ಪಂದ್ಯದಲ್ಲಿ ಆರೆಗನ್ ತಂಡವನ್ನು ಚಿಂದಿ ಮಾಡಿದರು. ಸ್ಮಿತ್ ಒಬ್ಬರೇ 187 ಯಾರ್ಡ್ ಗಳಿಸಿದರು. 2025ರ ಜನವರಿ 20ರಂದು ನೋಟರ್ ಡೇಮ್ ತಂಡವನ್ನು 34-23ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಕೂಡ ಆದರು. ಬಳಗ ಬದಲಾಗಿರಲಿಲ್ಲ. ಅದನ್ನು ಬಳಸಿದ ರೀತಿ ಬದಲಾಗಿತ್ತು.

ಕಾಲೇಜು ಪಂದ್ಯಗಳ ವಿಡಿಯೊ ಬಿಡಿಸಿ ನೋಡಿ ಆಟಗಾರರನ್ನು ತೂಗುವುದು ನನ್ನ ಕಸುಬು. ಅದರಲ್ಲೂ ರಿಸೀವರ್‌ಗಳೇ ಹೆಚ್ಚು. ಆಗಸ್ಟ್‌ನಲ್ಲಿ ಎಲ್ಲರೂ ಮೊದಲು ಕೈಹಾಕುವುದು ಕಳೆದ ವರ್ಷದ ಯಾರ್ಡ್‌ಗಳ ಲೆಕ್ಕಕ್ಕೆ. ಅದು ಸುಲಭವಾಗಿ ಸಿಗುತ್ತದೆ, ನಿಖರವಾಗಿ ಕಾಣುತ್ತದೆ. ಆದರೆ ಅಷ್ಟೇ ಸುಲಭವಾಗಿ ದಾರಿ ತಪ್ಪಿಸುತ್ತದೆ. ಚಿನ್ನಸ್ವಾಮಿಯ ಸಣ್ಣ ಬೌಂಡರಿಯಲ್ಲಿ ಹೊಡೆದ ಎಂಬತ್ತು ರನ್ನನ್ನೂ ಚೆಂಡು ತಿರುಗುವ ಪಿಚ್‌ನಲ್ಲಿ ಕಷ್ಟಪಟ್ಟು ಸೇರಿಸಿದ ಎಂಬತ್ತನ್ನೂ ನೀವು ಒಂದೇ ತಕ್ಕಡಿಯಲ್ಲಿ ಇಡುವುದಿಲ್ಲವಲ್ಲ, ಇದೂ ಹಾಗೆಯೇ.

ಟೆನ್ನೆಸ್ಸೀಯ ಜೇಲಿನ್ ಹಯಾಟ್ 2021ರಲ್ಲಿ ಹಿಡಿದದ್ದು 21 ಕ್ಯಾಚ್, 226 ಯಾರ್ಡ್. ಮರುವರ್ಷ 67 ಕ್ಯಾಚ್, 1,267 ಯಾರ್ಡ್, 15 ಟಚ್‌ಡೌನ್. ಅಲಬಾಮಾವನ್ನು 52-49ರಿಂದ ಮಣಿಸಿದ ಆ ಒಂದೇ ಪಂದ್ಯದಲ್ಲಿ ಐದು ಟಚ್‌ಡೌನ್. ವರ್ಷದ ಅತ್ಯುತ್ತಮ ರಿಸೀವರ್‌ಗೆ ಕೊಡುವ ಬಿಲೆಟ್ನಿಕಾಫ್ ಪ್ರಶಸ್ತಿ ಅವರಿಗೇ ಬಂತು. ಹುಡುಗನ ಓಟ ನಿಜವಾಗಿಯೂ ಬೆರಗು ಹುಟ್ಟಿಸುವಂಥದು, ಅದರಲ್ಲಿ ಅನುಮಾನವಿಲ್ಲ. ಆದರೆ ತರಬೇತುದಾರ ಜಾಶ್ ಹ್ಯೂಪಲ್ ಅವರ ಪದ್ಧತಿಯಲ್ಲಿ ಹೊರಗಿನ ರಿಸೀವರ್‌ಗಳು ಮೈದಾನದ ಅಂಚಿನ ಗೆರೆಗೆ ಅಂಟಿದಂತೆ ನಿಲ್ಲುತ್ತಾರೆ. ರಕ್ಷಣೆಯವರು ಅಷ್ಟಗಲಕ್ಕೆ ಚದುರಲೇಬೇಕು. ಒಂದು ಆಟ ಮುಗಿದ ಕೂಡಲೇ ಉಸಿರು ಬಿಡುವುದಕ್ಕೂ ಸಮಯ ಕೊಡದೆ ಮುಂದಿನದು ಶುರು. ಒಳಗೆ ನಿಂತ ಹಯಾಟ್ ಎದುರು ಎಷ್ಟೋ ಸಲ ಬಯಲೇ ಬಯಲು. 2023ರ ಡ್ರಾಫ್ಟ್‌ನಲ್ಲಿ ಅವರಿಗೆ ಕರೆ ಬಂದದ್ದು ಮೂರನೆಯ ಸುತ್ತಿನಲ್ಲಿ. ಎನ್‌ಎಫ್‌ಎಲ್ ತಂಡಗಳು ಹುಡುಗನ ಅಂಕಿಗಳಲ್ಲಿ ಪದ್ಧತಿಯ ಪಾಲೆಷ್ಟು ಎಂದು ಕಳೆದು ನೋಡಿದ್ದವು.

ಉಲ್ಟಾ ಉದಾಹರಣೆ ನಿಮ್ಮ ಮಗಳ ಕಾಲೇಜಿನದೇ. 2023ರ ನವೆಂಬರ್‌ನಲ್ಲಿ ಪೆನ್ ಸ್ಟೇಟ್ ವಿರುದ್ಧ ಮಿಶಿಗನ್ ಒಂದು ಹಂತದ ನಂತರ ಸತತ 32 ಸಲ ಚೆಂಡು ಹೊತ್ತು ಓಡುವ ಆಟವನ್ನೇ ಆಡಿ 24-15ರಿಂದ ಗೆದ್ದಿತು. ಅಷ್ಟು ಹೊತ್ತೂ ಅವರ ರಿಸೀವರ್‌ಗಳ ಹೆಸರಿನ ಮುಂದೆ ಒಂದೇ ಒಂದು ಯಾರ್ಡ್ ಸೇರಲಿಲ್ಲ. ಆದರೆ ಆ ಓಟಗಳಿಗಾಗಿ ಅಂಚಿನಲ್ಲಿ ಎದುರಾಳಿಯನ್ನು ತಡೆದು ನಿಲ್ಲಿಸುತ್ತಿದ್ದವರು ಅವರೇ. ಆ ವರ್ಷ ರಾಷ್ಟ್ರೀಯ ಚಾಂಪಿಯನ್ ಆದ ತಂಡದ ರೋಮನ್ ವಿಲ್ಸನ್ ಇಡೀ ಸೀಸನ್‌ನಲ್ಲಿ ಹಿಡಿದದ್ದು 48 ಕ್ಯಾಚ್, ಅದರಲ್ಲಿ 12 ಟಚ್‌ಡೌನ್. ಬರೀ 48 ಎಂದು ನೋಡಿದವರು ಆ ಹುಡುಗನನ್ನು ಕೆಳಗಿಟ್ಟರು. ನಾಲ್ಕು ಕ್ಯಾಚ್‌ಗೆ ಒಂದು ಟಚ್‌ಡೌನ್ ಎಂದು ನೋಡಿದವರು ಮೇಲಿಟ್ಟರು.

ಹಾಗಾಗಿ ಒಟ್ಟು ಯಾರ್ಡ್ ಬಿಟ್ಟು, ಒಂದು ರೂಟ್‌ಗೆ ಎಷ್ಟು ಯಾರ್ಡ್ ಎಂದು ನೋಡಿ. ರೂಟ್ ಎಂದರೆ ಪಾಸ್ ಆಟದಲ್ಲಿ ರಿಸೀವರ್ ಓಡಬೇಕಾದ ಗೊತ್ತುಪಡಿಸಿದ ದಾರಿ. ಚೆಂಡು ತನ್ನತ್ತ ಬರಲಿ, ಬಿಡಲಿ, ಓಡಿದ ಪ್ರತಿ ರೂಟ್ ಲೆಕ್ಕಕ್ಕೆ ಬರುತ್ತದೆ. ಎರಡರ ಮೇಲಿದ್ದರೆ ಒಳ್ಳೆಯ ಆಟಗಾರ, ಮೂರರ ಹತ್ತಿರ ಹೋದರೆ ಅಪರೂಪದವ. ಓಡುವುದನ್ನೇ ನಂಬಿದ ತಂಡದವರಿಗೆ ಆಗುವ ಅನ್ಯಾಯ ಇದರಿಂದ ಒಂದಷ್ಟು ಸರಿಹೋಗುತ್ತದೆ. ಇದಕ್ಕೂ ಒಂದು ಮಿತಿಯುಂಟು: ವರ್ಷಕ್ಕೆ ಐವತ್ತು ರೂಟ್ ಓಡಿದವನ ಸರಾಸರಿ ಒಂದೇ ಒಂದು ಉದ್ದನೆಯ ಕ್ಯಾಚ್‌ನಿಂದ ಉಬ್ಬಿರಬಹುದು.

ಎರಡನೆಯ ನಂಬಿಕೆ ನಕ್ಷತ್ರಗಳದು. ಹೈಸ್ಕೂಲಿನಲ್ಲಿ ಆಟಗಾರರನ್ನು ಅಳೆಯುವವರಿಂದ ಐದು ನಕ್ಷತ್ರ ಪಡೆದವರು ಹೆಚ್ಚಿರುವ ಬಳಗವೇ ಮೇಲು ಎನ್ನುವ ಲೆಕ್ಕ. ದೊಡ್ಡ ಸಂಖ್ಯೆಯಲ್ಲಿ ನೋಡಿದರೆ ಇದರಲ್ಲಿ ಹುರುಳಿದೆ. ಜೆರೆಮಾಯಾ ಸ್ಮಿತ್ ಬರುವಾಗಲೇ ದೊಡ್ಡ ಹೆಸರು, ಮೊದಲ ವರ್ಷವೇ 1,315 ಯಾರ್ಡ್ ಗಳಿಸಿ ತೋರಿಸಿದರು. ಆದರೆ ಮೇಲೆ ಹೇಳಿದ ಒಲಾವೆ ಕ್ಯಾಲಿಫೋರ್ನಿಯಾದಿಂದ ಮೂರು ನಕ್ಷತ್ರದ ಹುಡುಗನಾಗಿ ಬಂದವರು. 2018ರಲ್ಲಿ ಇದೇ ಮಿಶಿಗನ್ ವಿರುದ್ಧ ಎರಡು ಟಚ್‌ಡೌನ್ ಹಿಡಿದು, ಎದುರಾಳಿ ಚೆಂಡನ್ನು ದೂರಕ್ಕೆ ಒದೆಯುವ ಪಂಟ್ ಒಂದನ್ನು ತಡೆದು ಇಡೀ ದೇಶಕ್ಕೆ ಪರಿಚಯವಾದರು. ನಕ್ಷತ್ರಗಳನ್ನು ಇನ್ನೂ ಕಾಲೇಜು ಪಂದ್ಯ ಆಡದ ಹೊಸಬರಿಗೆ ಮಾತ್ರ ಬಳಸಿ. ಮೂರನೇ ವರ್ಷದವನಿಗೆ ಹೈಸ್ಕೂಲಿನ ಅಂಕಪಟ್ಟಿ ಹಿಡಿಯಬೇಡಿ.

ನನಗೆ ತುಂಬ ಮುಖ್ಯ ಅನ್ನಿಸುವುದು ಎಸೆಯುವವರು ಯಾರು, ಎಸೆಯುವ ಯೋಜನೆ ಯಾರದು ಎಂಬುದು. 2019ರ ಆಗಸ್ಟ್‌ನಲ್ಲಿ ಅಲಬಾಮಾದ ಜೆರ್ರಿ ಜೂಡಿ, ಹೆನ್ರಿ ರಗ್ಸ್, ಡೆವಾಂಟಾ ಸ್ಮಿತ್, ಜೇಲೆನ್ ವಾಡಲ್ ಎಂಬ ನಾಲ್ವರ ಮುಂದೆ ನಿಲ್ಲುವ ಬಳಗ ಇನ್ನೊಂದಿಲ್ಲ ಎಂಬ ಮಾತಿತ್ತು. ಅದು ಉತ್ಪ್ರೇಕ್ಷೆಯಾಗಿರಲಿಲ್ಲ. ನಾಲ್ವರೂ ಮೊದಲ ಸುತ್ತಿನಲ್ಲಿ ಹೋದರು, ಸ್ಮಿತ್ 2020ರಲ್ಲಿ ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿಯನ್ನೇ ಗೆದ್ದರು. ಅವರ ಪ್ರತಿಸ್ಪರ್ಧಿ ಎಲ್‌ಎಸ್‌ಯು (ಲೂಯಿಸಿಯಾನಾ ಸ್ಟೇಟ್) ಕಡೆ ಹಿಂದಿನ ವರ್ಷದ ಲೆಕ್ಕ ಹೀಗಿತ್ತು: ಜಸ್ಟಿನ್ ಜೆಫರ್ಸನ್ 875 ಯಾರ್ಡ್, ಜಮಾರ್ ಚೇಸ್ 313 ಯಾರ್ಡ್, ಕ್ವಾರ್ಟರ್‌ಬ್ಯಾಕ್ ಜೋ ಬರೋ ಎಸೆದ ನೂರರಲ್ಲಿ ಗುರಿ ಸೇರಿದ್ದು 58ರಷ್ಟು. ಯಾವ ಪಟ್ಟಿ ತಾನೇ ಇವರನ್ನು ಅಲಬಾಮಾಕ್ಕಿಂತ ಮೇಲಿಡುತ್ತದೆ?

ಆ ವರ್ಷ ಎಲ್‌ಎಸ್‌ಯುಗೆ ಪಾಸ್ ಆಟದ ಹೊಣೆ ಹೊತ್ತು ಬಂದವರು ಜೋ ಬ್ರೇಡಿ. ಐದು ಜನರನ್ನು ಅಗಲಕ್ಕೆ ಹರಡಿ, ಚೆಂಡು ಹೊತ್ತು ಓಡುವ ರನ್ನಿಂಗ್ ಬ್ಯಾಕನ್ನೂ ರಿಸೀವರ್‌ನಂತೆ ಬಳಸಿ, ಬರೋ ಕೈಗೆ ಚುರುಕಾಗಿ ಎಸೆಯುವ ಆಟ ಕೊಟ್ಟರು. ಅದೇ ಬರೋ ನೂರಕ್ಕೆ 76ರಂತೆ ಎಸೆದು 60 ಟಚ್‌ಡೌನ್ ಕೊಟ್ಟರು. ಚೇಸ್ 1,780 ಯಾರ್ಡ್, ಜೆಫರ್ಸನ್ 1,540 ಯಾರ್ಡ್. ನವೆಂಬರ್ 9ರಂದು ಅಲಬಾಮಾದ ಅಂಗಳದಲ್ಲೇ 46-41ರಿಂದ ಗೆದ್ದರು. ಆ ದಿನ ಡೆವಾಂಟಾ ಸ್ಮಿತ್ 213 ಯಾರ್ಡ್ ಹಿಡಿದರೂ ಸೋತ ತಂಡದಲ್ಲಿದ್ದರು. ಹುಡುಗರು ರಾತ್ರೋರಾತ್ರಿ ಹುಟ್ಟಿ ಬಂದವರಲ್ಲ, 2018ರಲ್ಲೂ ಅಲ್ಲೇ ಇದ್ದರು. ನಿಮ್ಮ ಪಂದ್ಯದಲ್ಲಿ ಯಾವ ತಂಡಕ್ಕೆ ಹೊಸ ಕ್ವಾರ್ಟರ್‌ಬ್ಯಾಕ್ ಅಥವಾ ಹೊಸ ಯೋಜಕ ಬಂದಿದ್ದಾರೋ ಆ ತಂಡದ ಹೆಸರಿನ ಪಕ್ಕದಲ್ಲಿ ಒಂದು ಗುರುತು ಹಾಕಿ. ಅದು ಮೇಲೂ ಹೋಗಬಹುದು, ಕೆಳಗೂ ಬೀಳಬಹುದು. ಅಲ್ಲಿ ಖಚಿತವಾಗಿ ಮಾತಾಡುವವರನ್ನು ನಂಬಬೇಡಿ.

ಇನ್ನು ಮೊದಲ ಮೂವರ ಹೆಸರಷ್ಟೇ ನೋಡುವ ಅಭ್ಯಾಸ. ನನ್ನ ಮಟ್ಟಿಗೆ ಬಳಗದ ನಿಜವಾದ ಬೆಲೆ ತಿಳಿಯುವುದು ನಾಲ್ಕನೆಯವನಿಂದ. 2022ರ ಆಗಸ್ಟ್‌ನಲ್ಲಿ ಎಲ್ಲರ ಬಾಯಲ್ಲೂ ಸ್ಮಿತ್-ಎನ್‌ಜಿಗ್ಬಾ. ಹಿಂದಿನ ವರ್ಷ 1,606 ಯಾರ್ಡ್ ಗಳಿಸಿದ್ದವರು ತೊಡೆಯ ಸ್ನಾಯು ಗಾಯದಿಂದ ಇಡೀ ಸೀಸನ್‌ಗೆ ಹಿಡಿದದ್ದು ಐದೇ ಕ್ಯಾಚ್. ಓಹಾಯೊ ಸ್ಟೇಟ್‌ನ ಪಾಸ್ ಆಟ ಕುಸಿಯಲಿಲ್ಲ. ಹಿಂದಿನ ವರ್ಷ ಬೆಂಚ್ ಕಾಯ್ದಿದ್ದ ಮಾರ್ವಿನ್ ಹ್ಯಾರಿಸನ್ ಜೂನಿಯರ್, ಎಗ್ಬುಕಾ ಇಬ್ಬರೂ ಸಾವಿರ ಯಾರ್ಡ್ ದಾಟಿದರು. ಅದೇ 2021ರ ಅಲಬಾಮಾ ನೋಡಿ. ಜಾನ್ ಮೆಚಿ ಅಲಬಾಮಾ ಇರುವ ಎಸ್‌ಇಸಿ ಒಕ್ಕೂಟದ ಫೈನಲ್‌ನಲ್ಲಿ ಮಂಡಿಗೆ ಗಾಯ ಮಾಡಿಕೊಂಡರು, ಜೇಮ್ಸನ್ ವಿಲಿಯಮ್ಸ್ ರಾಷ್ಟ್ರೀಯ ಫೈನಲ್‌ನ ನಡುವೆಯೇ ಮಂಡಿ ನೋವಿನಿಂದ ಹೊರಬಿದ್ದರು. ಅವರ ಜಾಗ ತುಂಬುವವರು ಪಕ್ವವಾಗಿರಲಿಲ್ಲ. ಜಾರ್ಜಿಯಾ 33-18ರಿಂದ ಗೆದ್ದಿತು.

ಆ ವಿಲಿಯಮ್ಸ್ ಯಾರು ಗೊತ್ತೇ? ಓಹಾಯೊ ಸ್ಟೇಟ್‌ನಲ್ಲಿ ಎರಡು ವರ್ಷ ಇದ್ದು 266 ಯಾರ್ಡ್ ಮಾತ್ರ ಗಳಿಸಿದ್ದವರು. ಗ್ಯಾರೆಟ್ ವಿಲ್ಸನ್, ಒಲಾವೆ, ಸ್ಮಿತ್-ಎನ್‌ಜಿಗ್ಬಾ ಮುಂದೆ ಜಾಗ ಸಿಗದೆ ಅಲಬಾಮಾಕ್ಕೆ ಹೋದರು. ಒಂದೇ ವರ್ಷದಲ್ಲಿ 1,572 ಯಾರ್ಡ್ ಗಳಿಸಿ ಡ್ರಾಫ್ಟ್‌ನಲ್ಲಿ 12ನೆಯವರಾಗಿ ಹೋದರು, ಒಲಾವೆಯ ಬೆನ್ನಿಗೇ. ಆಟಗಾರರು ಕಾಲೇಜು ಬದಲಿಸಲು ಹೆಸರು ಕೊಡುವ ಟ್ರಾನ್ಸ್‌ಫರ್ ಪೋರ್ಟಲ್ ಕಾಲದಲ್ಲಿ ಇಂಥವರು ಪ್ರತಿ ತಂಡದಲ್ಲೂ ಇದ್ದಾರೆ. ಹಾಗೆಂದು ಬಂದವರೆಲ್ಲ ಹೀಗೇ ಬೆಳಗುತ್ತಾರೆ ಅಂದುಕೊಳ್ಳಬೇಡಿ. ಪಿಟ್ಸ್‌ಬರ್ಗ್‌ನಲ್ಲಿ 2021ರಲ್ಲಿ 1,593 ಯಾರ್ಡ್ ಗಳಿಸಿ ಬಿಲೆಟ್ನಿಕಾಫ್ ಪಡೆದಿದ್ದ ಜಾರ್ಡನ್ ಆ್ಯಡಿಸನ್ ಮರುವರ್ಷ ಯುಎಸ್‌ಸಿಯಲ್ಲಿ (ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ಗಾಯದ ನಡುವೆ ಗಳಿಸಿದ್ದು 875. ಎಸೆಯುತ್ತಿದ್ದವರು ಆ ವರ್ಷದ ಹೈಸ್ಮನ್ ವಿಜೇತ ಕೇಲೆಬ್ ವಿಲಿಯಮ್ಸ್ ಆಗಿದ್ದರೂ ಅಷ್ಟೇ.

ಈಗ ನಿಮ್ಮ ಮುಂದಿರುವ ದಾರಿಗಳು. ಬರೀ ಅಂಕಿಗಳಿಂದ ಸ್ಥಾನ ಕೊಟ್ಟರೆ ಒಂದು ಸಂಜೆಯಲ್ಲಿ ಕೆಲಸ ಮುಗಿಯುತ್ತದೆ. ಆದರೆ ಹೋದ ವರ್ಷದ ತಂಡಕ್ಕೆ ಈ ವರ್ಷದ ಸ್ಥಾನ ಕೊಟ್ಟಂತಾಗುತ್ತದೆ. ನಾಲ್ಕಾರು ಪತ್ರಿಕೆಗಳ ಪಟ್ಟಿ ಸೇರಿಸಿ ಸರಾಸರಿ ತೆಗೆಯಬಹುದು. ತೀರಾ ದೊಡ್ಡ ತಪ್ಪುಗಳಾಗುವುದಿಲ್ಲ, ಆದರೆ ಎಲ್ಲರೂ ಒಂದೇ ಹೆಸರುಗಳನ್ನು ನೋಡಿ ಬರೆದಿರುವುದರಿಂದ ಹೊಸದೇನೂ ಸಿಗುವುದಿಲ್ಲ. ಹಳೆಯ ಕಾಲೇಜಿನ ಹೆಸರಿಗೆ ಬಡ್ಡಿ ಸೇರುತ್ತಾ ಹೋಗುತ್ತದೆ. ಮೂರನೆಯದು ಸಮಯ ತಿನ್ನುವ ದಾರಿ, ನನ್ನ ಮನಸ್ಸು ಇರುವುದು ಅದರ ಮೇಲೆ. ಪ್ರತಿ ತಂಡಕ್ಕೂ ಒಂದು ಹಾಳೆ ಇಟ್ಟುಕೊಂಡು ಹೆಸರಿನ ಬದಲು ಕೆಲಸಗಳನ್ನು ಬರೆಯಿರಿ. ಒಂಟಿಯಾಗಿ ಅಂಚಿನಲ್ಲಿ ನಿಂತು ಮೈಮೇಲೆ ಬೀಳುವ ಕಾರ್ನರ್‌ಬ್ಯಾಕ್‌ನಿಂದ (ರಿಸೀವರ್‌ನನ್ನು ಕಾಯುವ ಎದುರಾಳಿ) ಬಿಡಿಸಿಕೊಳ್ಳುವವರು ಯಾರು? ಆಳಕ್ಕೆ ಓಡಿ, ರಕ್ಷಣೆಯ ಕೊನೆಯಲ್ಲಿ ನಿಲ್ಲುವ ಸೇಫ್ಟಿಯನ್ನು ಹಿಂದಕ್ಕೆ ತಳ್ಳುವವರು ಯಾರು? ಒಳಗೆ, ಲೈನ್‌ಗೂ ಹೊರಗಿನ ರಿಸೀವರ್‌ಗೂ ನಡುವಿನ ಸ್ಲಾಟ್‌ನಲ್ಲಿ ನಿಂತು ಮೂರನೇ ಡೌನ್‌ನಲ್ಲಿ (ಹತ್ತು ಯಾರ್ಡ್ ದಾಟಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು) ಆರು ಯಾರ್ಡ್ ತರುವವರು ಯಾರು? ಲೈನ್ ಪಕ್ಕದಲ್ಲಿ ನಿಂತು ತಡೆಯುವ, ಚೆಂಡೂ ಹಿಡಿಯುವ ಟೈಟ್ ಎಂಡ್‌ನಿಂದ ಏನು ಸಿಗುತ್ತದೆ? ಈ ಕೊನೆಯದನ್ನು ಮರೆತವರೇ ಹೆಚ್ಚು. ಜಾರ್ಜಿಯಾ 2021, 2022 ಎರಡೂ ವರ್ಷ ಚಾಂಪಿಯನ್ ಆದಾಗ ಅತಿ ಹೆಚ್ಚು ಯಾರ್ಡ್ ಹಿಡಿದದ್ದು ಟೈಟ್ ಎಂಡ್ ಬ್ರಾಕ್ ಬೌವರ್ಸ್. ರಿಸೀವರ್‌ಗಳನ್ನಷ್ಟೇ ಎಣಿಸಿದರೆ ಆ ತಂಡ ಬಡಕಲಾಗಿ ಕಾಣುತ್ತಿತ್ತು.

ಆಮೇಲೆ ತಂಡಕ್ಕೆ ಒಂದೋ ಎರಡೋ ಹಳೆಯ ಪಂದ್ಯ ನೋಡಿ, ಬಲವಾದ ರಕ್ಷಣೆಯ ಎದುರಿನ ಪಂದ್ಯವೇ ಆಗಿರಲಿ. ಟಿವಿ ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುವುದರಿಂದ ರಿಸೀವರ್ ಓಡಿದ ದಾರಿ ಅರ್ಧ ತಪ್ಪುತ್ತದೆ. ಗೋಲ್‌ಗೆರೆಯ ಹಿಂದಿನಿಂದ ತೋರಿಸುವ ಮರುಪ್ರಸಾರಗಳು ಸಿಕ್ಕರೆ ಬಿಡಬೇಡಿ. ಕ್ಯಾಚ್ ಹಿಡಿಯುವ ಕ್ಷಣ ನೋಡಬೇಡಿ, ಕ್ವಾರ್ಟರ್‌ಬ್ಯಾಕ್‌ನ ಕೈ ಹಿಂದಕ್ಕೆ ಹೋಗುವ ಕ್ಷಣಕ್ಕೆ ವಿಡಿಯೊ ನಿಲ್ಲಿಸಿ. ಆಗ ರಿಸೀವರ್‌ಗೂ ಅವನನ್ನು ಕಾಯುವವನಿಗೂ ನಡುವೆ ಎಷ್ಟು ಜಾಗವಿದೆ? ಅದು ರಿಸೀವರ್‌ನ ಸ್ವಂತ ದುಡಿಮೆ. ಆಮೇಲಿನದರಲ್ಲಿ ಎಸೆದವನ ಪಾಲೂ ಇದೆ.

ಇನ್ನೂ ಹಿಂದಕ್ಕೆ ಹೋಗಿ ಮೊದಲ ಮೂರು ಹೆಜ್ಜೆ ನೋಡಿ. ಒಳ್ಳೆಯವನು ಎದುರಾಳಿಯ ಕೈ ತನ್ನ ಎದೆಗೆ ತಗಲುವ ಮುಂಚೆಯೇ ಅದನ್ನು ತಟ್ಟಿ ಸರಿಸುತ್ತಾನೆ, ಪಕ್ಕಕ್ಕೆ ದಾಟಿದ ಮೇಲೆ ಮತ್ತೆ ಅವನ ಮುಂದಕ್ಕೇ ಬಂದು ಬೆನ್ನ ಹಿಂದೆ ಹಾಕಿಕೊಳ್ಳುತ್ತಾನೆ. ತಿರುಗುವಾಗ ಸೊಂಟ ಇಳಿಸಿ ಎರಡೇ ಹೆಜ್ಜೆಯಲ್ಲಿ ನಿಲ್ಲುತ್ತಾನೆ. ಹದ ಬರದವನು ನಾಲ್ಕೈದು ಪುಟ್ಟ ಹೆಜ್ಜೆ ಹಾಕುತ್ತಾನೆ, ಅಷ್ಟರಲ್ಲಿ ಕಾಯುವವನಿಗೆ ಎಲ್ಲ ತಿಳಿದುಹೋಗಿರುತ್ತದೆ. ಚೆಂಡು ಬೇರೆಯವರತ್ತ ಹೋದ ಆಟಗಳಲ್ಲೂ ಅದೇ ವೇಗದಲ್ಲಿ ಓಡುತ್ತಾನೆಯೇ ಎಂದು ನೋಡಿ. ನನ್ನ ಅನುಭವದಲ್ಲಿ ಮುಂದಿನ ವರ್ಷ ಯಾರು ಬೆಳೆಯುತ್ತಾರೆ ಎಂಬ ಸುಳಿವು ಹೆಚ್ಚು ಸಿಗುವುದು ಅಲ್ಲೇ.

ಈ ದಾರಿಯ ಅಪಾಯವನ್ನೂ ಹೇಳಬೇಕು. ಎರಡು ಪಂದ್ಯ ನೋಡಿದವರಿಗೆ ತಾವು ಕಂಡದ್ದೇ ಸತ್ಯ ಎನ್ನಿಸಿಬಿಡುತ್ತದೆ. ಅದಕ್ಕೇ ಒಂದು, ಎರಡು, ಮೂರು ಎಂದು ಸ್ಥಾನ ಕೊಡುವ ಬದಲು ತಂಡಗಳನ್ನು ಮೂರು ಗುಂಪು ಮಾಡಿ: ಯಾರ ವಿರುದ್ಧವೂ ನಿಲ್ಲಬಲ್ಲವು, ಒಬ್ಬರ ಮೇಲೆ ನಿಂತಿರುವವು, ಇನ್ನೂ ಗೊತ್ತಾಗದವು. ಆರನೆಯ ಸ್ಥಾನಕ್ಕೂ ಏಳನೆಯದಕ್ಕೂ ಆಗಸ್ಟ್‌ನಲ್ಲಿ ನಿಜವಾದ ವ್ಯತ್ಯಾಸ ಇರುವುದಿಲ್ಲ, ನಮ್ಮಂಥವರಿಗೂ ಕಾಣುವುದಿಲ್ಲ.

ಅಕ್ಕನ ಮಗನ ವಿಷಯ. ಓಹಾಯೊದಲ್ಲೂ ಮಿಶಿಗನ್‌ನಲ್ಲೂ ಬೆಟ್ಟಿಂಗ್‌ಗೆ 21 ತುಂಬಿರಬೇಕು. ಹತ್ತೊಂಬತ್ತರವನು ಬೇರೆಯವರ ಹೆಸರಿನಲ್ಲಿ ಖಾತೆ ತೆರೆದರೆ ದುಡ್ಡಷ್ಟೇ ಅಲ್ಲ, ಕಾನೂನಿನ ತೊಂದರೆಯೂ ಬರುತ್ತದೆ. ಇವನು ಎಷ್ಟು ಯಾರ್ಡ್ ಹಿಡಿಯುತ್ತಾನೆ ಎಂದು ಒಬ್ಬ ಕಾಲೇಜು ಆಟಗಾರನ ಮೇಲೆ ಕಟ್ಟುವ ಬೆಟ್ಟನ್ನು ಓಹಾಯೊ 2024ರಲ್ಲಿ ಎಲ್ಲರಿಗೂ ನಿಲ್ಲಿಸಿದೆ. ಸೋತವರು ಆ ಹುಡುಗರಿಗೇ ಸಂದೇಶ ಕಳಿಸಿ ಬೈಯುತ್ತಿದ್ದರು, ಬೆದರಿಸುತ್ತಿದ್ದರು. ಅವರೂ ನಿಮ್ಮ ಮಕ್ಕಳ ವಯಸ್ಸಿನವರೇ, ಅದೇ ಕ್ಯಾಂಪಸ್ಸಿನಲ್ಲಿ ಓದುವವರು. ಹುಡುಗನಿಗೆ ಸಿಟ್ಟು ಮಾಡದೆ ಇನ್ನೊಂದು ಮಾತು ಹೇಳಿ: ಇಡೀ ವರ್ಷದಲ್ಲಿ ಆಟದ ಬಗ್ಗೆ ಮಾಹಿತಿ ಅತಿ ಕಡಿಮೆ ಇರುವುದು ಆಗಸ್ಟ್‌ನಲ್ಲಿ. ಅಭ್ಯಾಸ ಮುಚ್ಚಿದ ಬಾಗಿಲೊಳಗೆ, ಗಾಯದ ಸುದ್ದಿ ಹೊರಬರುವುದಿಲ್ಲ, ಕೆಲವು ಕಡೆ ಕ್ವಾರ್ಟರ್‌ಬ್ಯಾಕ್ ಯಾರೆಂದೂ ಘೋಷಿಸಿರುವುದಿಲ್ಲ. ಬೆಲೆ ಕಟ್ಟುವ ಕಂಪನಿಗಳಿಗೆ ಅವನಿಗಿಂತ ಹೆಚ್ಚು ಗೊತ್ತು. ಅವನ ಉತ್ಸಾಹವನ್ನು ನಿಮ್ಮ ಮನೆಪಂದ್ಯಕ್ಕೇ ತಿರುಗಿಸಿ, ವಿಡಿಯೊ ನೋಡುವ ಹೊಣೆ ಅವನಿಗೂ ಮಗಳಿಗೂ ಕೊಡಿ. ಅವಳು ಓಹಾಯೊ ಸ್ಟೇಟ್ ನೋಡಲಿ, ಅವನು ಮಿಶಿಗನ್ ನೋಡಲಿ. ಎದುರಾಳಿಯ ಗುಣ ಕಾಣುವಷ್ಟು ಚೆನ್ನಾಗಿ ನಮ್ಮವರ ದೋಷ ಕಾಣುವುದಿಲ್ಲ.

ಪಂದ್ಯದ ನಿಯಮದಲ್ಲಿ ಒಂದು ಸಲ ಸ್ಥಾನ ಬದಲಿಸುವ ಅವಕಾಶವನ್ನೂ ಇಟ್ಟುಕೊಳ್ಳಿ. ಸೆಪ್ಟೆಂಬರ್ ಮೊದಲ ವಾರಗಳಲ್ಲಿ ದೊಡ್ಡ ತಂಡಗಳು ಬಹುಪಾಲು ದುರ್ಬಲರ ಜೊತೆ ಆಡುತ್ತವೆ. ಆ ಯಾರ್ಡ್‌ಗಳನ್ನು ನಂಬಿ ಬದಲಿಸಿದರೆ ಕೆಟ್ಟಿರಿ. ಬಿಗ್ ಟೆನ್ ತಂಡಗಳು ತಮ್ಮತಮ್ಮಲ್ಲೇ ಎರಡು ಪಂದ್ಯ ಆಡುವವರೆಗೆ ಕಾಯಿರಿ. ಅಷ್ಟರಲ್ಲಿ ಯಾರು ಯಾರಿಗೆ ಮೂರನೇ ಡೌನ್‌ನಲ್ಲಿ ಎಸೆಯುತ್ತಿದ್ದಾರೆ ಎಂದು ತಿಳಿದಿರುತ್ತದೆ. ನಾನು ಹಾಳೆ ತಿದ್ದುವುದೂ ಆಗಲೇ.